ಪ್ರಶ್ನಾರ್ಥಕ ಚಿಹ್ನೆಗಳಾದ ಕನ್ನಡ

ನಾಗರಿಕ ಸೇವಾ ಪರೀಕ್ಷೆಯ ಮುಖ್ಯ ಹಂತದ ಉತ್ತರಗಳನ್ನು ಕನ್ನಡದಲ್ಲಿಯೂ ಬರೆಯುವ ಅವಕಾಶ ದೊರೆತದ್ದು 1979ರಲ್ಲಿ. ಆ ಪರೀಕ್ಷೆಗೆಂದು ಮುಖರ್ಜಿ ನಗರದಲ್ಲಿ ಕೋಣೆ ಹಿಡಿದು ಓದುವವರಲ್ಲಿ ನಮ್ಮ ನಾಡಿನ ತರುಣರೂ ಇದ್ದಾರೆ. ಬತ್ರಾ ಚಿತ್ರಮಂದಿರದ ಆಸುಪಾಸಿನ ಅಂಗಡಿಗಳಲ್ಲಿ ಹಿಂದಿ, ಇಂಗ್ಲಿಷ್ ಟಿಪ್ಪಣಿಗಳು ರಾಶಿ ರಾಶಿ. ಕನ್ನಡದಲ್ಲಿ ಬರೆಯಹೊರಟವನು ತನ್ನ ಟಿಪ್ಪಣಿಯನ್ನು ತಾನೇ ಮಾಡಿಕೊಳ್ಳಬೇಕು. ಅಂಥವನು ಹಿಂದೆ ಕಂಪ್ಯೂಟರಿನ ಮುಂದೆ ಕುಳಿತಾಗ ಏನಾಗುತ್ತಿತ್ತು ಎಂಬುದು ದಾಖಲಾಗಬೇಕಾದ ಸಂಗತಿ.

ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ಸಿಕ್ಕಿದ್ದು 1991ರಲ್ಲಿಯೇ. ವಿಂಡೋಸ್ 2000ಕ್ಕೆ ದೇವನಾಗರಿ, ತಮಿಳು ಬಂದವು. ಕನ್ನಡವು ‘ತುಂಗಾ’ ಎಂಬ ಅಕ್ಷರರೂಪದೊಡನೆ 2001ರ ಎಕ್ಸ್‌ಪಿಗೆ ಬಂತು. ಬಂದರೂ ಒಳಮನೆಯಲ್ಲೇ ಕುಳಿತಿತ್ತು! ಭಾಷೆಯ ಏರ್ಪಾಡುಗಳ ಪುಟ ಹುಡುಕಿ, ಒಂದು ಚೌಕಕ್ಕೆ ಗುರುತು ಹಾಕಿ, ಮೂಲ ಸಿ.ಡಿ. ತುರುಕಿದರೆ ಮಾತ್ರ ಅದು ಹೊರಗೆ ಬರುತ್ತಿತ್ತು. ಇಲ್ಲವಾದರೆ ಪರದೆಯ ಮೇಲೆ ಖಾಲಿ ಚೌಕಗಳು. ಗಂಟೆಗಿಷ್ಟೆಂದು ಬಾಡಿಗೆ ಕೊಟ್ಟು ಕುಳಿತವನು ಆ ಸಿ.ಡಿ.ಯನ್ನು ಎಲ್ಲಿಂದ ತಂದಾನು? ದಾಸ್ತಾನು ಇದ್ದೂ ಕಾರ್ಡಿಲ್ಲದವನಿಗೆ ರೇಷನ್ ಸಿಕ್ಕದ ಕಥೆ ಇದು. 2007ರ ವಿಸ್ಟಾದಲ್ಲಿ ಈ ಕಷ್ಟ ತೀರಿತು.

ಇದಕ್ಕಿಂತ ಕ್ರೂರವಾದದ್ದು ನೋಟ್‌ಪ್ಯಾಡಿನ ಏರ್ಪಾಡು. ಎಲ್ಲ ಯಂತ್ರಗಳಲ್ಲೂ ಇರುವ, ಹೊಸಬನ ಕೈಗೆ ಮೊದಲು ಸಿಗುವ ಬರೆವಣಿಗೆಯ ಹಲಗೆ ಅದು. ಬರೆಯುವಾಗ ಕನ್ನಡ ಅಚ್ಚುಕಟ್ಟಾಗಿ ಮೂಡುತ್ತಿತ್ತು. ಆದರೆ ಉಳಿಸುವಾಗ ತಾನಾಗಿ ಆರಿಸಿಕೊಳ್ಳುತ್ತಿದ್ದುದು ‘ಆನ್ಸಿ’ ಎಂಬ ಹಳೆಯ ಸಂಕೇತವನ್ನು. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಇಂಗ್ಲಿಷಿನಲ್ಲಿ ಒಂದು ಎಚ್ಚರಿಕೆ ಬರುತ್ತಿತ್ತು, ನಿಜ. ಹೊಸಬ ಅದನ್ನು ಓದಿ ಅರ್ಥಮಾಡಿಕೊಳ್ಳುವುದುಂಟೇ? ‘ಓಕೆ’ ಒತ್ತುತ್ತಿದ್ದ. ಮರುದಿನ ತೆರೆದರೆ ಪುಟದ ತುಂಬ ಪ್ರಶ್ನಾರ್ಥಕ ಚಿಹ್ನೆಗಳು! ಯೂನಿಕೋಡನ್ನು ಆರಿಸುವ ಸೌಕರ್ಯ ಅದೇ ಕಿಟಕಿಯ ಕೆಳಗಿತ್ತು, ಅದನ್ನು ಹೇಳುವವರಿರಲಿಲ್ಲ. ಕನ್ನಡ ಕಂಪ್ಯೂಟರಿಗೆ ಒಗ್ಗುವುದಿಲ್ಲವೆಂದು ಆತ ತೀರ್ಮಾನಿಸಿದ್ದರೆ ತಪ್ಪು ಅವನದಲ್ಲ.

ಕೀಲಿಮಣೆಯದು ಇನ್ನೊಂದು ಬಗೆ. ಕೆ.ಪಿ. ರಾಯರ ವಿನ್ಯಾಸವನ್ನು ಕರ್ನಾಟಕ ಸರ್ಕಾರ ಒಪ್ಪಿತು, ‘ನುಡಿ’ ತಂತ್ರಾಂಶ ಅದನ್ನು ಮನೆಮನೆಗೆ ಮುಟ್ಟಿಸಿತು. ವಿಂಡೋಸಿನಲ್ಲಿ ಕನ್ನಡವೆಂದರೆ ಮೊದಲು ಸಿಗುವುದು ಕೇಂದ್ರದ ಇನ್‌ಸ್ಕ್ರಿಪ್ಟ್. ಊರಿನಲ್ಲಿ ಕಲಿತ ಬೆರಳು ಎನ್, ಎಮ್, ಎನ್ ಒತ್ತಿ ‘ನಮನ’ ಎಂದರೆ ಇಲ್ಲಿ ‘ಲಸಲ’ ಎಂದು ಬೀಳುತ್ತದೆ. ಇನ್‌ಸ್ಕ್ರಿಪ್ಟ್ ಕೆಟ್ಟದ್ದೆಂದಲ್ಲ, ಭಾರತೀಯ ಲಿಪಿಗಳಿಗೆಲ್ಲ ಒಂದೇ ಸ್ಥಾನಕ್ರಮವಾದ್ದರಿಂದ ಅದರಲ್ಲಿ ಹಿಂದಿ ಕಲಿತ ದೆಹಲಿಯ ನಮ್ಮ ಮಕ್ಕಳಿಗೆ ಅನುಕೂಲವೇ. ಆದರೆ ಯಾವುದನ್ನು ಕಲಿತು ಬಂದೆ ಎಂದು ಯಂತ್ರ ಕೇಳುವುದಿಲ್ಲ.

2019ರ ಮೇ ತಿಂಗಳ ವಿಂಡೋಸ್ ಪರಿಷ್ಕರಣೆಯಲ್ಲಿ ನೋಟ್‌ಪ್ಯಾಡ್ ತಾನಾಗಿ ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಉಳಿಸತೊಡಗಿತು. ಕನ್ನಡ ಯೂನಿಕೋಡಿಗೆ ಸೇರಿ ಆಗ 28 ವರ್ಷ. ಅದಕ್ಕೆ ಮೊದಲು ಹಾಳಾದ ಕಡತಗಳನ್ನು ಯಾರಾದರೂ ಜೋಪಾನ ಮಾಡಿದ್ದರೆ ಅದರಿಂದ ಪ್ರಯೋಜನವಿಲ್ಲ. ಅಕ್ಷರಗಳು ಆ ಚಿಹ್ನೆಗಳ ಹಿಂದೆ ಅಡಗಿ ಕುಳಿತಿಲ್ಲ. ಪ್ರತಿ ಅಕ್ಷರದ ಸ್ಥಾನದಲ್ಲಿಯೂ ನಿಜವಾಗಿಯೇ ಪ್ರಶ್ನಾರ್ಥಕ ಚಿಹ್ನೆ ಬರೆಯಲ್ಪಟ್ಟಿದೆ.