ಬಳ್ಳಾರಿ ಸೀಮೆಯ ಕೈ ಜೋಮು: ಕತ್ತಿನ ಸವಕಳಿ, ದುಡಿಮೆ ಮತ್ತು ಕುಡಿಯುವ ನೀರು

‘ಕೈ ಜೋಮು ಹಿಡದೈತ್ರಿ’ ಎಂದು ಬಂದವರಿಗೆ ಎಕ್ಸ್‌ರೇ ತೆಗೆಸಿ, ಕತ್ತಿನ ಎಲುಬು ಸವೆದಿದೆ ಎಂದು ಹೇಳಿ ಕಳಿಸುವುದು ಸುಲಭ. ಆ ಮಾತು ಸುಳ್ಳಲ್ಲ, ಆದರೆ ಸಾಲದು. 1990ರಲ್ಲಿ ಬೋಡನ್ ಮತ್ತು ಸಂಗಡಿಗರು ಯಾವ ತೊಂದರೆಯೂ ಇಲ್ಲದವರ ಕತ್ತನ್ನು ಎಂಆರ್‌ಐನಲ್ಲಿ ಪರೀಕ್ಷಿಸಿದಾಗ, 40 ದಾಟಿದವರಲ್ಲಿ ಸುಮಾರು ಶೇ 60 ಮಂದಿಗೆ ಡಿಸ್ಕ್ ಸವೆದಿತ್ತು. ಹಾಗಾಗಿ ಚಿತ್ರದಲ್ಲಿ ಸವಕಳಿ ಕಂಡ ಮಾತ್ರಕ್ಕೆ ಜೋಮಿನ ಕಾರಣ ಸಿಕ್ಕಿತೆನ್ನಲಾಗದು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಭಾಗದಲ್ಲಿ ಬೆರಳು ಯಾವುದು, ಕೆಲಸವೇನು, ನೀರು ಎಲ್ಲಿಯದು ಎಂಬ ಮೂರನ್ನೂ ಕೇಳದೆ ರೋಗನಿದಾನ ಪೂರ್ಣವಾಗದು.

ಕತ್ತಿನಲ್ಲಿ ಕಶೇರುಕಗಳು 7, ಅಲ್ಲಿಂದ ಹೊರಡುವ ನರಗಳು 8 ಜೋಡಿ. ವಯಸ್ಸಾದಂತೆ ಡಿಸ್ಕ್‌ನ ನೀರಿನಂಶ ಇಂಗಿ ಅದರ ಎತ್ತರ ತಗ್ಗುತ್ತದೆ. ಅಂಚಿನಲ್ಲಿ ಎಲುಬು ಮುಳ್ಳಿನಂತೆ ಬೆಳೆದು ನರದ ಕಿಂಡಿ ಕಿರಿದಾಗುತ್ತದೆ. 6ನೆಯ ನರ ಒತ್ತಿದರೆ ಹೆಬ್ಬೆರಳು, ತೋರುಬೆರಳು ಮರಗಟ್ಟುತ್ತವೆ, 7ನೆಯದಾದರೆ ನಡುಬೆರಳು, 8ನೆಯದಾದರೆ ಕಿರುಬೆರಳಿನ ಕಡೆ. ನಡುರಾತ್ರಿ ಎಚ್ಚರವಾಗಿ, ಕೈ ಕೊಡವಿದರೆ ಹಗುರಾಗುವ ಜೋಮು ಬಹುಪಾಲು ಮಣಿಕಟ್ಟಿನದು. ಪಾದಗಳಲ್ಲಿ ಶುರುವಾಗಿ ಆಮೇಲೆ ಕೈಗೆ ಬಂದಿದ್ದರೆ ಸಕ್ಕರೆ ಕಾಯಿಲೆಯನ್ನೂ ಬಿ12 ಕೊರತೆಯನ್ನೂ ನೋಡಬೇಕು.

ಬಳ್ಳಾರಿಯ ಜೀನ್ಸ್ ಹೊಲಿಗೆಯವರಲ್ಲಿ ಈ ಗೆರೆಗಳು ಕಲಸಿಹೋಗುತ್ತವೆ. ಮಡಿಕೆ ಮೇಲೆ ಮಡಿಕೆ ಬಿದ್ದ ದಪ್ಪ ಬಟ್ಟೆಯನ್ನು ಎರಡೂ ಕೈಯಿಂದ ಸೂಜಿಯಡಿಗೆ ನೂಕಬೇಕು. ಕಣ್ಣು ಸೂಜಿಯ ಮೇಲೆ, ಕತ್ತು ದಿನವಿಡೀ ಬಾಗಿರುತ್ತದೆ. ಮಣಿಕಟ್ಟು, ಕತ್ತು ಎರಡೂ ಒಟ್ಟಿಗೇ ದಣಿಯುವ ಕೆಲಸವಿದು. ಒಂದೇ ಕೈಯಲ್ಲಿ ಎರಡು ಕಡೆ ನರ ಒತ್ತಿರಬಹುದು. ಬರೀ ಕುತ್ತಿಗೆ ಬೆಲ್ಟು ಕೊಟ್ಟರೆ ಅರ್ಧ ರೋಗ ಹಾಗೇ ಉಳಿಯುತ್ತದೆ. ಸಿರುಗುಪ್ಪದ ಅಕ್ಕಿ ಗಿರಣಿಗಳ ಹಮಾಲರದು ಬೇರೆ ಬಗೆ: ಚೀಲದ ಭಾರ ನೇರ ಕತ್ತಿನ ಬುಡಕ್ಕೇ ಬೀಳುತ್ತದೆ.

ನೀರಿನ ಪ್ರಶ್ನೆಯೇ ಹೆಚ್ಚು ಮರೆತುಹೋಗುವಂಥದು. ಫ್ಲೋರೈಡ್‌ನಿಂದ ಎಲುಬು ಕೆಡುವ ಫ್ಲೋರೋಸಿಸ್ ಅನ್ನು ಭಾರತದಲ್ಲಿ ಮೊದಲು ವಿವರಿಸಿದ್ದು 1937ರಲ್ಲಿ, ಶಾರ್ಟ್ ಮತ್ತು ಸಹೋದ್ಯೋಗಿಗಳು, ಮದ್ರಾಸ್ ಪ್ರಾಂತದ ನೆಲ್ಲೂರು ಕಡೆ. ಆಗ ಬಳ್ಳಾರಿಯೂ ಅದೇ ಪ್ರಾಂತದಲ್ಲಿತ್ತು. ಈ ಜಿಲ್ಲೆಯ ಗ್ರಾನೈಟ್ ನೆಲದ ಬೋರ್‌ವೆಲ್ ನೀರಿನಲ್ಲೂ ಹಲವೆಡೆ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿಗೆ ಲೀಟರಿಗೆ 1 ಮಿ.ಗ್ರಾಂ ಮಿತಿ, ಬೇರೆ ನೀರಿಲ್ಲದಿದ್ದರೆ 1.5. ತುಂಗಭದ್ರಾ ಕಾಲುವೆಯಿಂದ ತುಂಬುವ ಕೆರೆ ನೀರು ಕುಡಿದವರನ್ನೂ ವರ್ಷಗಟ್ಟಲೆ ಬೋರ್ ನೀರು ಕುಡಿದವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಸರಿಯಲ್ಲ. ಫ್ಲೋರೋಸಿಸ್‌ನಲ್ಲಿ ಒಂದು ನರವಷ್ಟೇ ಅಲ್ಲ, ಕತ್ತಿನ ಅಸ್ಥಿರಜ್ಜುಗಳೇ ಎಲುಬಾಗಿ ಬೆನ್ನುಹುರಿಯನ್ನು ಒತ್ತುತ್ತವೆ. ಆಗ ಜೋಮು ಎರಡೂ ಕೈಗೆ. ಗುಂಡಿ ಹಾಕುವುದು ಕಷ್ಟ. ಕಾಲು ಬಿಗಿದು ನಡಿಗೆ ತೊಡರುತ್ತದೆ. 10 ಸೆಕೆಂಡಿನಲ್ಲಿ 20 ಸಲ ಮುಷ್ಟಿ ಕಟ್ಟಿ ಬಿಡಲಾಗದಿದ್ದರೆ ಬೆನ್ನುಹುರಿಯ ಒತ್ತಡವನ್ನು ಶಂಕಿಸಬೇಕು. ಅಂಥವರನ್ನು ನೋವಿನ ಮಾತ್ರೆಯ ಮೇಲೆ ತಿಂಗಳುಗಟ್ಟಲೆ ಇಡಬಾರದು.

ಫ್ಲೋರೋಸಿಸ್ ಶಂಕೆ ಬಂದರೆ ಮುಂಗೈಯ ಎಕ್ಸ್‌ರೇ ಒಂದು ತೆಗೆಸಿದರೂ ಉಪಯೋಗವಿದೆ: ಎರಡು ಎಲುಬುಗಳ ನಡುವಿನ ಪೊರೆಗೆ ಸುಣ್ಣ ಕಟ್ಟಿರುವುದು ಅಲ್ಲಿ ಕಾಣುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲೇ ಇದು ತಿಳಿದಿರಬೇಕು. ಫ್ಲೋರೋಸಿಸ್ ಎಲುಬು ಬಲು ಗಟ್ಟಿ, ಅದನ್ನು ಕೊರೆದು ಹುರಿಗೆ ಜಾಗ ಮಾಡಿಕೊಡಲು ಹೆಚ್ಚು ಸಮಯವೂ ಹೆಚ್ಚು ಎಚ್ಚರವೂ ಬೇಕು.