ನಾನಿಲ್ಲದ ಮೇಲೆ ಇವನಿಗೆ ಯಾರು?

ಜ್ವರ ಬಂದವನನ್ನು ನೋಡಲು ಊರೇ ಬರುತ್ತದೆ. ಬುದ್ಧಿ ಕದಡಿದವನ ಮನೆಯ ಹೊಸ್ತಿಲನ್ನು ಯಾರೂ ತುಳಿಯುವುದಿಲ್ಲ. ಅಂತಹ ಮನೆಯ ಮುದಿತಾಯಿಯನ್ನು ಹಗಲಿರುಳು ಕಾಡುವ ಪ್ರಶ್ನೆ ಒಂದೇ: “ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಯಾರು ಗತಿ?” ಈ ಪ್ರಶ್ನೆಗೆ ನಮ್ಮ ದೇಶವು ಕಾಲಕಾಲಕ್ಕೆ ಕೊಟ್ಟ ಉತ್ತರಗಳನ್ನು ಇಲ್ಲಿ ಸ್ಥೂಲವಾಗಿ ಪರಿಶೀಲಿಸೋಣ.

ಬ್ರಿಟಿಷ್ ಭಾರತವು ಕೊಟ್ಟ ಮೊದಲ ಉತ್ತರ ಗೋಡೆ. 1858ರ ಮತ್ತು 1912ರ ಶಾಸನಗಳ ಮುಖ್ಯ ದೃಷ್ಟಿ ರೋಗಿಯನ್ನು ಅಧಿಕಾರಿಯ ಆಜ್ಞೆಯಿಂದ ಒಳಗಿಡುವುದರ ಕಡೆಗಿತ್ತು. ಒಳಹೊಕ್ಕವನಿಗೆ ಬಂಧುಗಳು ಕ್ರಮೇಣ ದೂರವಾದರು. ಅನೇಕರ ಆಯುಷ್ಯವೆಲ್ಲ ಅಲ್ಲಿಯೇ ಸವೆಯಿತು. ಬೆಂಗಳೂರಿನ ಹುಚ್ಚಾಸ್ಪತ್ರೆಗೆ 1925ರಲ್ಲಿ ‘ಮಾನಸಿಕ ಆಸ್ಪತ್ರೆ’ ಎಂಬ ಹೆಸರು ಬಂದುದು ದೃಷ್ಟಿ ಬದಲಾಗುತ್ತಿದ್ದುದರ ಕುರುಹು. ಅದೂ 1954ರಲ್ಲಿ ಅಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಕೂಡಿ ನಿಮ್ಹಾನ್ಸ್ ಆಯಿತು.

ಎರಡನೆಯ ಉತ್ತರ ಹೆಚ್ಚು ಮಾನವೀಯವಾದುದು. 1950ರ ದಶಕದಲ್ಲಿ ಅಮೃತಸರದ ವೈದ್ಯ ವಿದ್ಯಾಸಾಗರರು ರೋಗಿಗಳ ಬಂಧುಗಳನ್ನು ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ಇರಿಸಿಕೊಂಡು, ಶುಶ್ರೂಷೆಯಲ್ಲಿ ಪಾಲುಗೊಳಿಸಿದರು. ವೆಲ್ಲೂರಿನಲ್ಲಿಯೂ ಅದೇ ದಶಕದಲ್ಲಿ ಈ ಪದ್ಧತಿ ಬೇರೂರಿತು. ರೋಗವನ್ನು ಕಣ್ಣಾರೆ ಕಂಡು ತಿಳಿದುಕೊಂಡ ಬಂಧುವಿಗೆ ರೋಗಿಯನ್ನು ಮರಳಿ ಮನೆಗೆ ಕರೆದೊಯ್ಯುವ ಧೈರ್ಯ ಬರುತ್ತದೆ. ಆದರೆ ಮನೆಯೇ ಇಲ್ಲದವನ ಪಾಡೇನು? ಬಡತನದಿಂದಲೋ ಮುಪ್ಪಿನಿಂದಲೋ ಮನೆಯವರ ಕೈ ಸೋತರೆ ಏನು? ಆಸ್ಪತ್ರೆಯಿರುವುದು ಚಿಕಿತ್ಸೆಗೆ, ಬಾಳುವೆಗೆ ಬೇಕಾದುದು ಮನೆ.

ಈ ಕೊರತೆಯ ಘೋರ ಪರಿಣಾಮವು 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಪ್ರಕಟವಾಯಿತು. ಅಲ್ಲಿಯ ದರ್ಗಾದ ಸುತ್ತಣ ಖಾಸಗಿ ಆಶ್ರಯಗಳಲ್ಲಿ ದೂರದೂರದ ಬಂಧುಗಳು ರೋಗಿಗಳನ್ನು ಬಿಟ್ಟುಹೋಗುತ್ತಿದ್ದರು. ಅವುಗಳಲ್ಲಿ ಒಂದಕ್ಕೆ ಬೆಂಕಿ ಬಿದ್ದಾಗ, ಸಂಕಲೆಯಲ್ಲಿದ್ದವರು ಓಡಲಾರದೆ 28 ಮಂದಿ ಮೃತರಾದರು. ಬಿಟ್ಟುಹೋದವರೆಲ್ಲರೂ ಕಟುಕರೆಂದು ಹೇಳುವುದು ಸುಲಭ. ಅವರ ಮುಂದೆ ಬೇರೆ ಯಾವ ಬಾಗಿಲು ತೆರೆದಿತ್ತು ಎಂದು ಕೇಳುವುದು ಕಷ್ಟ.

2017ರ ಮಾನಸಿಕ ಆರೋಗ್ಯ ರಕ್ಷಣಾ ಶಾಸನವು ಸಂಕಲೆ ತೊಡಿಸುವುದನ್ನು ನಿಷೇಧಿಸಿತು. ಮನೆಯವರು ಸ್ವೀಕರಿಸಲಿಲ್ಲವೆಂಬ ಕಾರಣಮಾತ್ರದಿಂದ ಯಾರನ್ನೂ ಚಿಕಿತ್ಸಾಲಯದಲ್ಲಿ ಉಳಿಸಿಕೊಳ್ಳಕೂಡದೆಂದೂ, ಜನಸಮುದಾಯದ ನಡುವೆಯೇ ಸಾಮೂಹಿಕ ಗೃಹಗಳನ್ನೂ, ಆಸ್ಪತ್ರೆಗೂ ಮನೆಗೂ ನಡುವಣ ತಂಗುಮನೆಗಳನ್ನೂ ಸರಕಾರವು ಒದಗಿಸಬೇಕೆಂದೂ ವಿಧಿಸಿತು.

ಶಾಸನವು ಬಾಗಿಲನ್ನು ತೋರಿಸಬಲ್ಲದು. ಮನೆ ಕಟ್ಟಬೇಕಾದವರು ಸರಕಾರದವರು, ನೆರೆಯಾಗಬೇಕಾದವರು ನಾವು. ಬೀದಿಯಲ್ಲಿ ತನ್ನಷ್ಟಕ್ಕೆ ಮಾತನಾಡಿಕೊಳ್ಳುತ್ತ ಹೋಗುವವನಿಗೆ ಕಲ್ಲೆಸೆಯುವ ಬಾಲಕನ ಕೈಯನ್ನು ಅವನ ಗುರುಗಳು ಹಿಡಿದು ನಿಲ್ಲಿಸಿದ ದಿನ, ಆ ಮುದಿತಾಯಿಯ ಪ್ರಶ್ನೆಗೆ ನಮ್ಮ ಊರಿನ ಉತ್ತರವೂ ಆರಂಭವಾಗುತ್ತದೆ.