ಕಥೆಯ ಕಟ್ಟು, ಮಾತಿನ ಬಿಡುವು: ಪಂಪನಿಂದ ನಮ್ಮ ಶಾಲೆಯ ಕರ್ಣನವರೆಗೆ



ಹೋದ ದೀಪಾವಳಿಗೆ ನಮ್ಮ ಅಕ್ಕನ ಮಗ ಹೈದರಾಬಾದಿನಿಂದ ಊರಿಗೆ ಬಂದಿದ್ದ. ಕಂಪ್ಯೂಟರ್ ಕೆಲಸ. ಭಾನುವಾರ ನಾಲ್ಕೈದು ಗೆಳೆಯರು ಸೇರಿ ಮೇಜಿನ ಸುತ್ತ ಕೂತು ಒಂದು ಆಟ ಆಡುತ್ತಾರಂತೆ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. ವೇಷವಿಲ್ಲ, ರಂಗವಿಲ್ಲ. ಪಾತ್ರ ಏನು ಮಾಡಬೇಕು, ಏನು ಮಾತಾಡಬೇಕು ಎನ್ನುವುದನ್ನು ಆಡುವವನೇ ಅಲ್ಲೇ ಕೂತು ನಿರ್ಧರಿಸುತ್ತಾನೆ. ಗೆಲುವು ಸೋಲಿಗೆ ದಾಳ ಉರುಳಿಸುತ್ತಾರೆ. ಅಮೆರಿಕದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಹೆಸರಿನಲ್ಲಿ ಇದನ್ನು ಪುಸ್ತಕ ಮಾಡಿ ಹೊರತಂದರು. ಆಮೇಲೆ ಅದಕ್ಕೆಂದೇ ಕಲ್ಪನೆಯ ದೇಶಗಳು ಹುಟ್ಟಿದವು. ಎಡ್ ಗ್ರೀನ್‌ವುಡ್ ಎಂಬವರು ಕಟ್ಟಿದ 'ಫರ್ಗಾಟನ್ ರೆಲ್ಮ್ಸ್' ಎಂಬ ಲೋಕ 1987ರಲ್ಲಿ ಅಚ್ಚಾಯಿತು. ಅದರ ಊರು, ರಾಜ, ದೇವರು, ಯುದ್ಧ ಎಲ್ಲದರ ಬಗ್ಗೆಯೂ ಪುಸ್ತಕಗಳಿವೆ, ಕಾದಂಬರಿಗಳಿವೆ.

ಅಳಿಯ ಅಂದು ಹೇಳಿದ್ದು ಇಷ್ಟು: "ಮಾಮ, ನಮ್ಮ ಆಟದಾಗ ಜಗಳ ಆಗ್ಯಾದ. ಪುಸ್ತಕದ ಪ್ರಕಾರ ಆ ರಾಜ ಇನ್ನೂ ಬಹಳ ವರ್ಷ ಬದುಕಬೇಕು. ಒಬ್ಬ ಅವನ್ನ ಕೊಂದೇಬಿಟ್ಟ. ಕಾದಂಬರಿ ಎಲ್ಲಾ ಓದಿದಾತ ಎದ್ದು ಹೋದ. ಪುಸ್ತಕದಾಗ ಇದ್ದಂಗೇ ಆಗಬೇಕಂದ್ರ ನಾವ್ಯಾಕ ಆಡಬೇಕು? ಹಂಗಿಲ್ಲಂದ್ರ ಆ ಪುಸ್ತಕ ಯಾಕ ಬೇಕು?"

ನನಗೆ ನಗು ಬಂತು, ಆದರೆ ಪ್ರಶ್ನೆ ಬಿಡಲಿಲ್ಲ. ಯಾಕೆಂದರೆ ನಮ್ಮ ಶಾಲೆಯ ಮಕ್ಕಳ ಜೊತೆ ನಾನೂ ಇದೇ ಪ್ರಶ್ನೆಯಲ್ಲಿ ಎರಡು ವರ್ಷ ಒದ್ದಾಡಿದ್ದೆ. ನಮ್ಮ ಹಿರಿಯರು ಸಾವಿರ ವರ್ಷದಿಂದ ಇದಕ್ಕೆ ಉತ್ತರ ಹುಡುಕುತ್ತಾ ಬಂದಿದ್ದಾರೆ. ಆ ಇತಿಹಾಸವನ್ನು ಸ್ವಲ್ಪ ನೋಡೋಣ.

ಮೊದಲನೆಯ ಉದಾಹರಣೆ ಈಗಿನ ತೆಲಂಗಾಣದಲ್ಲೇ ಇದೆ. ಕನ್ನಡದ ಆದಿಕವಿ ಪಂಪ ಇದ್ದದ್ದು ವೇಮುಲವಾಡದ ಚಾಲುಕ್ಯ ಅರಸ ಇಮ್ಮಡಿ ಅರಿಕೇಸರಿಯ ಆಸ್ಥಾನದಲ್ಲಿ. ವೇಮುಲವಾಡ ಈಗ ರಾಜನ್ನ ಸಿರಿಸಿಲ್ಲಾ ಜಿಲ್ಲೆಯಲ್ಲಿದೆ. ಪಂಪನ ತಮ್ಮ ಜಿನವಲ್ಲಭ ಕನ್ನಡ, ತೆಲುಗು, ಸಂಸ್ಕೃತ ಮೂರರಲ್ಲೂ ಬರೆಸಿದ ಕುರ್ಕ್ಯಾಲದ ಶಾಸನ ಕರೀಂನಗರ ಜಿಲ್ಲೆಯ ಬೊಮ್ಮಲಗುಟ್ಟದ ಬಂಡೆಯ ಮೇಲೆ ಇವತ್ತಿಗೂ ಇದೆ. 'ತೆಲಂಗಾಣದಲ್ಲಿ ಕನ್ನಡಕ್ಕೇನು ಕೆಲಸ' ಎಂದು ಯಾರಾದರೂ ಕೇಳಿದರೆ ಮಕ್ಕಳು ಈ ಎರಡು ಹೆಸರು ಹೇಳಲಿ.

ಪಂಪ 941ರಲ್ಲಿ 'ವಿಕ್ರಮಾರ್ಜುನ ವಿಜಯ' ಬರೆದ. ತನ್ನ ಅರಸನನ್ನೇ ಅರ್ಜುನನೆಂದು ಇಟ್ಟುಕೊಂಡು ಭಾರತ ಹೇಳಿದ. ಇಲ್ಲಿ ತೊಡಕು ನೋಡಿ. ಭಾರತದ ಕಥೆ ಎಲ್ಲರಿಗೂ ಗೊತ್ತು, ಅದನ್ನು ಕೆಡಿಸುವಂತಿಲ್ಲ. ಅತ್ತ ಅರಸನಿಗೆ ಕಥೆಯಲ್ಲಿ ತಾನು ದೊಡ್ಡವನಾಗಿ ಕಾಣಬೇಕು. ಐವರಿಗೆ ಒಬ್ಬಳೇ ಹೆಂಡತಿ ಎಂದರೆ ಅರಸನಿಗೆ ಒಪ್ಪುವುದು ಹೇಗೆ? ಪಂಪ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ಕೊನೆಗೆ ಧರ್ಮರಾಜನ ಬದಲು ಅರ್ಜುನನಿಗೆ ಸುಭದ್ರೆಯ ಜೊತೆ ಪಟ್ಟ ಕಟ್ಟಿಸಿದ.

ಆದರೆ ಉಳಿದದ್ದನ್ನು ಬಿಡಲಿಲ್ಲ. ಜೂಜು ಉಳಿಯಿತು, ದ್ರೌಪದಿಯನ್ನು ಸಭೆಗೆ ಎಳೆತಂದದ್ದು ಉಳಿಯಿತು, ಭೀಮನ ಪ್ರತಿಜ್ಞೆ ಉಳಿಯಿತು, ದುಶ್ಶಾಸನನನ್ನು ಕೊಂದು ಆಕೆಯ ಮುಡಿ ಕಟ್ಟಿದವನೂ ಭೀಮನೇ. ಹಾಗಾದರೆ ಹೆಂಡತಿ ಅರ್ಜುನನವಳಾದ ಮೇಲೆ ಅಷ್ಟು ಉರಿದೆದ್ದವನು ಭೀಮ ಯಾಕೆ? ವಿದ್ವಾಂಸರು ಈ ಎಡವಟ್ಟನ್ನು ಎತ್ತಿ ತೋರಿಸಿದ್ದಾರೆ. ಪಂಪನಂಥ ಮಹಾಕವಿಗೂ ಒಂದು ಎಳೆ ಎಳೆದರೆ ಇನ್ನೊಂದು ಕಡೆ ಬಟ್ಟೆ ಸುಕ್ಕಾಯಿತು. ಮುಂದೆ ರನ್ನ ತನ್ನ ಅರಸ ಸತ್ಯಾಶ್ರಯನನ್ನು ಭೀಮನೆಂದು ಇಟ್ಟು 'ಗದಾಯುದ್ಧ' ಬರೆದ, ಅಲ್ಲಿ ಪಟ್ಟ ಭೀಮನಿಗೆ! ಆದರೂ ಈ ಎರಡರಲ್ಲೂ ದುರ್ಯೋಧನ ಗೆಲ್ಲಲಿಲ್ಲ, ಕರ್ಣ ಬದುಕಲಿಲ್ಲ. ಯಾರನ್ನು ಮೆರೆಸಬೇಕೆಂಬುದು ಬದಲಾಯಿತು, ಕಥೆಯ ಬೆನ್ನೆಲುಬು ಬದಲಾಗಲಿಲ್ಲ.

ಅರಮನೆಯಿಂದ ಈಗ ಬಯಲಿಗೆ ಬರೋಣ. ಬಳ್ಳಾರಿ ಜಿಲ್ಲೆಯ ಕುರುಗೋಡಿನ ಕಡೆ 1556ರ ಒಂದು ಶಾಸನ ಸಿಕ್ಕಿದೆ. ದೇವಸ್ಥಾನದಲ್ಲಿ ತಾಳಮದ್ದಳೆ ನಡೆಸುವವರಿಗೆ ಭೂಮಿ ಬಿಟ್ಟದ್ದು ಅದರಲ್ಲಿದೆ. ಇಂದು ತಾಳಮದ್ದಳೆ ಎಂದರೆ ಕರಾವಳಿ, ಮಲೆನಾಡು ನೆನಪಾಗುತ್ತದೆ. ಆದರೆ ನಾಲ್ಕೂವರೆ ಶತಮಾನದ ಹಿಂದೆ ನಮ್ಮ ತುಂಗಭದ್ರೆಯ ಸೀಮೆಯಲ್ಲೂ ಆ ಹೆಸರಿತ್ತು.

ನಾನು ತಾಳಮದ್ದಳೆಯನ್ನು ಮೊದಲು ನೋಡಿದ್ದು ಕಾಸರಗೋಡಿನಲ್ಲಿ, ಗಡಿನಾಡ ಶಿಕ್ಷಕರ ಜೊತೆ ಒಂದು ಸಭೆಗೆ ಹೋದಾಗ. ಕಾಸರಗೋಡೂ ನಮ್ಮ ಗದ್ವಾಲವೂ ಒಂದು ರೀತಿಯಲ್ಲಿ ಅಣ್ಣತಮ್ಮಂದಿರು. 1956ರ ನವೆಂಬರ್ 1ರವರೆಗೆ ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ಅಂದು ಅವು ಆಂಧ್ರಪ್ರದೇಶಕ್ಕೆ ಹೋದವು. ಅದೇ ದಿನ ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು.

ಅಲ್ಲಿ ಕಂಡದ್ದು ಹೀಗೆ: ಭಾಗವತರು ಹಾಡುತ್ತಾರೆ, ಮದ್ದಳೆ, ಚೆಂಡೆ ನುಡಿಯುತ್ತವೆ. ಎರಡೂ ಬದಿಗೆ ಅರ್ಥಧಾರಿಗಳು ಪಂಚೆ, ಶಲ್ಯದಲ್ಲೇ ಕೂತಿರುತ್ತಾರೆ. ವೇಷವಿಲ್ಲ, ಕುಣಿತವಿಲ್ಲ. ಪದ್ಯ ಮುಗಿದ ಕೂಡಲೇ ಒಬ್ಬರು ವಾಲಿಯಾಗಿ, ಒಬ್ಬರು ರಾಮನಾಗಿ ಮಾತಿಗಿಳಿಯುತ್ತಾರೆ. ಮಾತು ಬರೆದಿಟ್ಟದ್ದಲ್ಲ, ಆಗಲೇ ಹುಟ್ಟಿದ್ದು. 'ಮರದ ಮರೆಯಿಂದ ಯಾಕೆ ಹೊಡೆದೆ' ಎಂದು ವಾಲಿ ಕೇಳಿದರೆ ರಾಮ ಉತ್ತರ ಕೊಡಲೇಬೇಕು. ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ಮಾಗಧ, ರಾವಣರಂಥ ಪಾತ್ರಗಳಿಗೆ ಹೆಸರಾದವರು. ಅಂಥವರ ವಾಲಿಯ ಎದುರು ರಾಮನಾಗಿ ಕೂರುವುದು ಸುಲಭದ ಮಾತಾಗಿರಲಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಅದರ ಏರ್ಪಾಡು. ವಾಲಿ ಎಷ್ಟೇ ಚೆನ್ನಾಗಿ ವಾದಿಸಲಿ, ಕೊನೆಗೆ ಸಾಯುತ್ತಾನೆ. ಅದು ಅವನಿಗೂ ಗೊತ್ತು, ಕೇಳುವವರಿಗೂ ಗೊತ್ತು. ತ್ರೇತಾಯುಗದ ವಾಲಿ ದ್ವಾಪರದ ಕೃಷ್ಣನ ಉದಾಹರಣೆ ಕೊಡುವಂತಿಲ್ಲ, ಅದು ಕಾಲದೋಷ. ಹೊಸ ಮಾತು ತಂದರೆ ಅದಕ್ಕೆ ಪುರಾಣದ ಆಧಾರವನ್ನೋ ಲೋಕದ ನ್ಯಾಯವನ್ನೋ ತೋರಿಸಬೇಕು. ವಾದ ಹದ ಮೀರಿದರೆ ಭಾಗವತರು ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ, ಎಷ್ಟೇ ದೊಡ್ಡ ಅರ್ಥಧಾರಿಯಾದರೂ ಅಲ್ಲಿಗೆ ಮಾತು ಮುಗಿಸಬೇಕು. ಇಷ್ಟು ಗೆರೆಯೊಳಗೆ ಉಳಿದದ್ದೆಲ್ಲ ಆಡುವವನಿಗೆ ಬಿಟ್ಟದ್ದು. ವಾಲಿ ಸಾಯುತ್ತಾನೆಂದು ಗೊತ್ತಿದ್ದೂ ಜನ ಕೇಳುವುದು, ಇಂದಿನ ವಾಲಿ ಸಾಯುವ ಮೊದಲು ಏನು ಕೇಳುತ್ತಾನೆ ಎಂಬುದಕ್ಕೆ.

ನಮ್ಮ ಕಡೆಯ ದೊಡ್ಡಾಟದಲ್ಲಿ ಇದೇ ಕೆಲಸವನ್ನು ಬೇರೆ ರೀತಿ ಮಾಡಿದರು. ರಾಜ, ರಾಣಿ, ರಾಕ್ಷಸರ ಮಾತನ್ನು ಮಾಸ್ತರರು ತಿಂಗಳುಗಟ್ಟಲೆ ಬಾಯಿಪಾಠ ಮಾಡಿಸುತ್ತಾರೆ. ಆದರೆ ಸಾರಥಿಗೆ ಮಾತ್ರ ಬಿಡುವುಂಟು. ರಂಗಕ್ಕೆ ಬಂದ ರಾಜನಿಗೇ ಎದುರು ನಿಂತು 'ತಾವು ಯಾರು, ಎಲ್ಲಿಂದ ಬಂದಿರಿ' ಎಂದು ಕೇಳುವವನು ಅವನು. ಮಳೆ ಬಾರದ್ದು, ಸೊಸೈಟಿ ಸಾಲ, ಊರ ಗೌಡನ ಜಿಪುಣತನ, ಎಲ್ಲವನ್ನೂ ಅವನು ಆಟದೊಳಗೆ ತರುತ್ತಾನೆ. ರಾಜ ಕಥೆ ಕಾಯುತ್ತಾನೆ, ಸಾರಥಿ ಜನರನ್ನು ಕಾಯುತ್ತಾನೆ.

'ಶ್ರೀಕೃಷ್ಣ ಪಾರಿಜಾತ'ದ ಇತಿಹಾಸವೂ ಇಂಥದ್ದೇ. ರಾಯಚೂರು ಸೀಮೆಯ ಅಪರಾಳ ತಮ್ಮಣ್ಣ ಅದನ್ನು ಕಾವ್ಯವಾಗಿ ಬರೆದ. ಬೆಳಗಾವಿ ಕಡೆಯ ಕುಲಗೋಡ ತಮ್ಮಣ್ಣ ಅದನ್ನು ಆಟವಾಗಿ ಕಟ್ಟಿದ. ಮುಂದೆ ಅದರಲ್ಲಿ ಕೌಜಲಗಿ ನಿಂಗಮ್ಮ ಸತ್ಯಭಾಮೆಯಾಗಿ ಹೆಸರಾದರು. ಬಯಲಾಟದಲ್ಲಿ ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುವುದು ರೂಢಿಯಾಗಿತ್ತು. ಆಕೆ ಆ ರೂಢಿ ಮುರಿದರು, ಪಾರಿಜಾತದ ಕಥೆಗೆ ಏನೂ ಆಗಲಿಲ್ಲ. ಆಟಕ್ಕೆ ಹೊಸ ಜೀವ ಬಂತು. ಕಥೆ ಯಾವುದು, ರೂಢಿ ಯಾವುದು ಎಂದು ಬೇರೆ ಮಾಡಿ ನೋಡಬೇಕೆಂದು ನಾನು ಕಲಿತದ್ದು ಇಲ್ಲಿಂದ.

ಇನ್ನು ನಮ್ಮ ಶಾಲೆಯ ವಿಷಯ. ನಮ್ಮ ಮಕ್ಕಳಿಗೆ ಸಂತೆಯಲ್ಲಿ ತೆಲುಗು, ಟಿವಿಯಲ್ಲಿ ತೆಲುಗು, ಎಷ್ಟೋ ಮನೆಗಳಲ್ಲೂ ತೆಲುಗು. ಕನ್ನಡ ಎಂದರೆ ಅವರಿಗೆ ಪಾಠ, ಪ್ರಶ್ನೋತ್ತರ. ಕನ್ನಡದಲ್ಲಿ ಜಗಳವಾಡುವ ಸಂದರ್ಭವೇ ಅವರಿಗಿಲ್ಲ. ಜಗಳವಾಡಲು ಬಾರದ ಭಾಷೆ ಎಷ್ಟು ದಿನ ಉಳಿದೀತು? ಹಾಗಾಗಿ ರಾಜ್ಯೋತ್ಸವಕ್ಕೆ ಎಂಟನೆಯ ತರಗತಿಯವರಿಂದ 'ಕರ್ಣಭೇದನ'ವನ್ನು ತಾಳಮದ್ದಳೆಯ ರೀತಿ ಮಾಡಿಸೋಣ ಎಂದುಕೊಂಡೆ. ಕೃಷ್ಣ ಕರ್ಣನಿಗೆ ಜನ್ಮರಹಸ್ಯ ಹೇಳಿ ಪಾಂಡವರ ಕಡೆ ಕರೆಯುವ ಭಾಗ.

ಮೊದಲ ವರ್ಷ ಎಲ್ಲ ಮಾತನ್ನೂ ನಾನೇ ಬರೆದುಕೊಟ್ಟೆ. ಮಕ್ಕಳು ಗಿಳಿಪಾಠ ಮಾಡಿದರು. ನಡುವೆ ಕೃಷ್ಣ ಒಂದು ಸಾಲು ಮರೆತ, ಕರ್ಣ ಬಾಯಿ ತೆರೆದು ನಿಂತ, ನಾನು ಪರದೆಯ ಹಿಂದಿನಿಂದ ಪಿಸುಗುಟ್ಟಿದ್ದು ಕೊನೆಯ ಸಾಲಿಗೂ ಕೇಳಿಸಿತು!

ಎರಡನೆಯ ವರ್ಷ ತಿರುಗಿ ಬಿದ್ದೆ. 'ಕಥೆ ಗೊತ್ತಲ್ಲ, ನಿಮ್ಮ ಮನಸ್ಸಿಗೆ ಬಂದಂತೆ ಮಾತಾಡಿ' ಎಂದೆ. ಕರ್ಣನಾದ ಹುಡುಗ ಎರಡೇ ಮಾತಿಗೆ ಒಪ್ಪಿ ಪಾಂಡವರ ಕಡೆ ಹೊರಟುಬಿಟ್ಟ. ಮಕ್ಕಳು ಚಪ್ಪಾಳೆ ಹೊಡೆದರು. ಮುಂದೇನು? ಕಾಯುತ್ತಾ ಕೂತಿದ್ದ ಅರ್ಜುನನಿಗೆ ಕೆಲಸವಿಲ್ಲ, ಕೌರವನಿಗೆ ಮಾತಿಲ್ಲ. ಆಟ ಹತ್ತು ನಿಮಿಷಕ್ಕೆ ಮುಗಿಯಿತು. 'ಸಾರ್, ಇದು ಭಾರತಮಾ?' ಎಂದು ಒಬ್ಬ ಹಿರಿಯರು ತೆಲುಗಿನಲ್ಲಿ ಕೇಳಿ ಎದ್ದು ಹೋದರು. ಅಳಿಯನ ಗೆಳೆಯ ಎದ್ದು ಹೋದನಲ್ಲ, ಹಾಗೆಯೇ.

ಮೂರನೆಯ ವರ್ಷ, ಕಾಸರಗೋಡಿನಲ್ಲಿ ನೋಡಿ ಬಂದ ಮೇಲೆ, ಮಕ್ಕಳನ್ನು ಕೂಡಿಸಿಕೊಂಡು ಮೊದಲೇ ಮಾತು ಮಾಡಿಕೊಂಡೆವು. ಕರ್ಣ ಕುಂತಿಯ ಮಗ, ಕೌರವನ ಉಪ್ಪು ತಿಂದವನು, ಕೊನೆಗೆ ಹೋಗುವುದಿಲ್ಲ. ಈ ಮೂರು ಗಂಟು ಯಾರೂ ಬಿಚ್ಚುವಂತಿಲ್ಲ. ಯಾಕೆ ಹೋಗುವುದಿಲ್ಲ ಎಂಬುದು ಕರ್ಣನಿಗೆ ಬಿಟ್ಟದ್ದು. ಹೇಗೆ ಕರೆಯಬೇಕು ಎಂಬುದು ಕೃಷ್ಣನಿಗೆ ಬಿಟ್ಟದ್ದು. ನಾನು ತಾಳ ತಟ್ಟಿದರೆ ಮಾತು ನಿಲ್ಲಬೇಕು.

ಆ ವರ್ಷ ಕರ್ಣನಾಗಲು ಕೈ ಎತ್ತಿದ್ದು ಒಬ್ಬ ಹುಡುಗಿ. 'ಹುಡುಗಿ ಕರ್ಣನಾ?' ಎಂದು ಕೆಲವರು ಮೂಗು ಮುರಿದರು. ನಾನು ನಿಂಗಮ್ಮನ ಹೆಸರು ಹೇಳಿದೆ. ತಾಲೀಮಿನಲ್ಲಿ ಆಕೆ ಕೇಳಿದಳು, "ಯಾಕ ಹೋಗಬಾರ್ದ್ರಿ ಸರ್? ಅವ್ವ ಒಬ್ಬಾಕೆನೇ ಅಲ್ಲೇನ್ರಿ?" ನಾನು ಉತ್ತರ ಹೇಳಲಿಲ್ಲ. 'ಅದನ್ನ ನೀನೇ ಹುಡುಕವ್ವಾ, ನವೆಂಬರ್ ಒಂದಕ್ಕ ಹೇಳು' ಎಂದೆ.

ಅಂದು ಕೃಷ್ಣನಾದ ಹುಡುಗ ಚೆನ್ನಾಗಿಯೇ ಕರೆದ, ಸಿಂಹಾಸನದ ಆಸೆಯನ್ನೂ ತೋರಿಸಿದ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮರೆತಳೇನೋ ಎಂದು ನನ್ನ ಎದೆ ಹೊಡೆದುಕೊಂಡಿತು. ಆಮೇಲೆ ಹೇಳಿದಳು: "ಕೃಷ್ಣಾ, ನನ್ನ ಕೈ ಹಿಡಿದು ಬೆಳೆಸಿದ ರಾಧೆ ಮನೆಯಲ್ಲಿ ಕಾಯುತ್ತಾ ಇದ್ದಾಳೆ. ಇಷ್ಟು ದಿನ ಮಗನೇ ಅನ್ನದ ತಾಯಿ ಯುದ್ಧ ಬಂದಾಗ ಮಗನೇ ಅಂದರೆ, ಆಕೆಗೆ ಬೇಕಾದದ್ದು ನಾನೋ, ನನ್ನ ಬಿಲ್ಲೋ?" ಪುಸ್ತಕದಲ್ಲಿ ಓದಿ ಬಂದ ಮಾತಲ್ಲ ಅದು. ಮನೆಯಲ್ಲಿ ತೆಲುಗು ಆಡುವ ಹುಡುಗಿ ಕನ್ನಡದಲ್ಲಿ ತಾನೇ ಕಟ್ಟಿದ ಮಾತು. ಕರ್ಣ ಅಂದೂ ಹೋಗಲಿಲ್ಲ. ಆದರೆ ಯಾಕೆ ಹೋಗಲಿಲ್ಲ ಎಂಬುದು ನಮಗೆಲ್ಲ ಹೊಸದಾಗಿ ತಿಳಿಯಿತು. ಹಿಂದಿನ ವರ್ಷ ಎದ್ದು ಹೋಗಿದ್ದ ಹಿರಿಯರು ಈ ಸಲ ಕೊನೆಯವರೆಗೂ ಕೂತಿದ್ದರು.

ಅಳಿಯನಿಗೆ ಇಷ್ಟನ್ನೂ ಹೇಳಿದೆ. ಅವನೂ ಒಂದು ಸಂಗತಿ ಹೇಳಿದ. 2008ರಲ್ಲಿ ಆ ಫರ್ಗಾಟನ್ ರೆಲ್ಮ್ಸ್‌ನ ಪ್ರಕಾಶಕರೇ ಅದರ ಕಾಲವನ್ನು ಒಮ್ಮೆಲೇ ಸುಮಾರು ನೂರು ವರ್ಷ ಮುಂದೆ ತಳ್ಳಿದರಂತೆ. ಜನ ಪ್ರೀತಿಸಿದ ಊರು, ಪಾತ್ರಗಳೆಷ್ಟೋ ಇಲ್ಲವಾದವು. ಹಳೆಯ ಆಟಗಾರರು ಸಿಟ್ಟಾದರು. ಮುಂದೆ ಬಹಳಷ್ಟನ್ನು ಮರಳಿ ತರಬೇಕಾಯಿತು. ಅಂದರೆ ಕಥೆಯ ಒಡೆಯನಿಗೂ ಗಂಟು ಬಿಚ್ಚುವ ಅಧಿಕಾರ ಪೂರ್ತಿ ಇಲ್ಲ. ಜನ ನಂಬಿ ಕೂತ ಮೇಲೆ ಅದು ಜನರದ್ದೂ ಆಗುತ್ತದೆ.

"ಹಂಗಾದ್ರ ನಾವು ಏನು ಮಾಡಬೇಕು ಮಾಮ?" ಎಂದ. "ಆಟ ಸುರು ಮಾಡೋಕ್ಕಿಂತ ಮುಂಚೆ ಗಂಟು ಯಾವುವು ಅಂತ ಎಲ್ಲರೂ ಕೂತು ಎಣಿಸ್ರಿ. ಕಮ್ಮಿ ಇರಲಿ, ಆದ್ರ ಗಟ್ಟಿ ಇರಲಿ. ಉಳಿದದ್ದು ಆಡೋರಿಗೆ ಬಿಡ್ರಿ. ಎದ್ದು ಹೋದ ಗೆಳೆಯನ್ನ ಮೊದಲು ಕರೀರಿ, ಗಂಟು ಅವನಿಗೇ ಚೆನ್ನಾಗಿ ಗೊತ್ತಿರ್ತಾವ" ಎಂದೆ.

ಶಿಕ್ಷಕ ಮಿತ್ರರೇ, ಈ ಮಾರ್ಗಶಿರದಲ್ಲಿ ತಿಮ್ಮಪ್ಪನ ಜಾತ್ರೆಗೆ ಮಲ್ದಕಲ್‌ಗೆ ಬಂದರೆ ನಮ್ಮ ಶಾಲೆಗೂ ಬನ್ನಿ. ಮಕ್ಕಳು ಈ ಸಲ 'ವಾಲಿವಧೆ' ಮಾಡುತ್ತೇವೆ ಎನ್ನುತ್ತಿದ್ದಾರೆ. ರಾಮನಾಗಲು ಮಾತ್ರ ಇನ್ನೂ ಯಾರೂ ಒಪ್ಪಿಲ್ಲ. ವಾಲಿಯ ಪ್ರಶ್ನೆಗೆ ಉತ್ತರ ಹುಡುಕಬೇಕಲ್ಲ!